ದಿನದ ಮಾತು ಬರೆದಿಡಲು ನಿಮ್ಮದೇ ವೆಬ್‌ಸೈಟ್

ಮೊನ್ನೆ ಹಳೆಯ ಕುರ್ಚಿಯೊಂದರ ಕಾಲು ಅಲ್ಲಾಡುತ್ತಿತ್ತು. ಸರಿಮಾಡುವುದು ಹೇಗೆ ಎಂದು ಹುಡುಕಿದೆ. ಸಿಕ್ಕಿದ್ದು ಯಾರೋ ಹನ್ನೆರಡು ವರ್ಷದ ಹಿಂದೆ ತಮ್ಮ ಸ್ವಂತ ವೆಬ್‌ಸೈಟಿನಲ್ಲಿ ಬರೆದಿಟ್ಟಿದ್ದ ನಾಲ್ಕು ಪ್ಯಾರಾ. ಲಾಗಿನ್ ಕೇಳಲಿಲ್ಲ, ಆ್ಯಪ್ ಹಾಕಿಕೊಳ್ಳಿ ಅನ್ನಲಿಲ್ಲ. ಓದಿದೆ, ಕುರ್ಚಿ ಗಟ್ಟಿಯಾಯಿತು. ಅಂಥದೊಂದು ಪುಟ ನೀವೂ ಇಡಬಹುದು. ಕೆಲಸ ಜಾಸ್ತಿಯಿಲ್ಲ.

ಯಾರ ಅಪ್ಪಣೆಯೂ ಬೇಕಿಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ವೆಬ್‌ನ ಯೋಜನೆ ಬರೆದರು. 1993ರ ಏಪ್ರಿಲ್ 30ರಂದು ಸರ್ನ್ ಅದರ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಆ ಬಾಗಿಲು ಇಂದಿಗೂ ತೆರೆದೇ ಇದೆ.

ಮೊದಲು ವಿಳಾಸ

ಸ್ವಂತ ಡೊಮೇನ್ ಹೆಸರು ತೆಗೆದುಕೊಳ್ಳಿ. ಚಿಕ್ಕದಿರಲಿ, ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂತಿರಲಿ. ಡೊಮೇನ್ ಕೊಂಡ ಆಸ್ತಿಯಲ್ಲ, ಅವಧಿ ಮುಗಿಯುವ ಮುಂಚೆ ನವೀಕರಿಸುತ್ತಿರಬೇಕು. ಸಹಾಯ ಮಾಡಿದ ಗೆಳೆಯರ ಹೆಸರಲ್ಲಿ ಬೇಡ, ನಿಮ್ಮ ಹೆಸರಲ್ಲೇ ನೋಂದಾಯಿಸಿ. ಇನ್ನೊಂದು ಮಾತು: ನೋಂದಾಯಿಸುವ ಖಾತೆಗೆ ಅದೇ ಡೊಮೇನಿನ ಇಮೇಲ್ ಕೊಡಬೇಡಿ. ಡೊಮೇನ್ ಕೈತಪ್ಪಿದ ದಿನ ಇಮೇಲೂ ನಿಂತುಹೋಗುತ್ತದೆ, ಎಚ್ಚರಿಕೆಯ ಪತ್ರ ನಿಮಗೆ ತಲುಪುವುದೇ ಇಲ್ಲ.

ವಿಳಾಸಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹಿಂದೆ ಒಂದು ಉಚಿತ ಸೇವೆಯಲ್ಲಿ ನಾಲ್ಕು ವರ್ಷ ಬರೆದಿದ್ದೆ. ಅದು ಮುಚ್ಚಿತು, ನನ್ನ ಹತ್ತಿರ ನಕಲು ಇರಲಿಲ್ಲ. ತುಂಬಾ ಸಂಕಟವಾಯಿತು. 1994ರಲ್ಲಿ ಶುರುವಾದ ಜಿಯೋಸಿಟೀಸ್ ಎಂಬ ಉಚಿತ ಸೇವೆಯಲ್ಲಿ ಜನ ಕಟ್ಟಿದ್ದ ಪುಟಗಳ ರಾಶಿಯೂ 2009ರಲ್ಲಿ ಹೀಗೇ ಬಾಗಿಲು ಹಾಕಿಕೊಂಡಿತ್ತು. ವಿಳಾಸ ಮತ್ತು ಫೈಲುಗಳು ನಿಮ್ಮ ಕೈಯಲ್ಲಿದ್ದರೆ ಸೇವೆ ಮುಚ್ಚಿದರೂ ಚಿಂತೆಯಿಲ್ಲ. ಬೇರೆಡೆ ಹಾಕಿ, ಅದೇ ವಿಳಾಸವನ್ನು ಅಲ್ಲಿಗೆ ತಿರುಗಿಸಿದರಾಯಿತು.

ಪುಟ ಮತ್ತು ಜಾಗ

ಪುಟ ಬರೆಯಲು ಕಂಪ್ಯೂಟರಿನ ನೋಟ್‌ಪ್ಯಾಡ್ ಸಾಕು. ತಲೆಬರಹ, ಪ್ಯಾರಾ, ಲಿಂಕ್, ಚಿತ್ರ: ಈ ನಾಲ್ಕಕ್ಕೆ ಬೇಕಾದ ಎಚ್‌ಟಿಎಂಎಲ್, ಅಂದರೆ ವೆಬ್ ಪುಟ ಬರೆಯುವ ಗುರುತುಗಳ ಭಾಷೆ, ಒಂದು ಸಂಜೆಯಲ್ಲಿ ಕಲಿಯಬಹುದು. ಫೈಲನ್ನು ಕನ್ನಡ ಅಕ್ಷರಗಳನ್ನೂ ಹಿಡಿದಿಡುವ ಯುಟಿಎಫ್-8 ಎಂಬ ಸಂಕೇತ ಕ್ರಮದಲ್ಲಿ ಉಳಿಸಿ, ಪುಟದ ತಲೆಯಲ್ಲೂ ಅದನ್ನು ನಮೂದಿಸಿ. ಇಲ್ಲದಿದ್ದರೆ ಕನ್ನಡ ಅಕ್ಷರಗಳ ಬದಲು ಅರ್ಥವಿಲ್ಲದ ಗುರುತುಗಳು ಕಾಣಬಹುದು. ಪುಟದ ಭಾಷೆ ಕನ್ನಡ ಎಂದೂ ಬರೆಯಿರಿ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ನೋಡಿ ಕನ್ನಡದ ದನಿ ಆರಿಸಿಕೊಳ್ಳುತ್ತದೆ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪಟ್ಟಿ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಬರಹವಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಮುಖಪುಟದ ಫೈಲಿಗೆ index.html ಎಂದು ಹೆಸರಿಡಿ. ನಿಯೋಸಿಟೀಸ್, ಗಿಟ್‌ಹಬ್ ಪೇಜಸ್‌ನಂಥ ಕಡೆ ಇಂಥ ಸರಳ ಪುಟಗಳನ್ನು ಉಚಿತವಾಗಿ ಇಡಬಹುದು. ಸ್ವಂತ ಡೊಮೇನ್ ಜೋಡಿಸಲು ಕೆಲವರು ಹಣ ಕೇಳುತ್ತಾರೆ, ಮೊದಲೇ ನೋಡಿಕೊಳ್ಳಿ.

ಏನು ಬರೆಯುವುದು?

ಹೆಚ್ಚಿನವರು ನಿಲ್ಲುವುದೇ ಇಲ್ಲಿ. 'ನನ್ನ ಬದುಕಲ್ಲಿ ಬರೆಯುವಂಥದ್ದು ಏನಿದೆ?' ಅನ್ನುತ್ತಾರೆ. ಇದೆ. ಕಿಟಕಿಯ ಗಿಡ ಯಾವ ವಾರ ಚಿಗುರಿತು, ಸೈಕಲ್ ಚೈನ್ ಯಾಕೆ ಕಳಚುತ್ತಿತ್ತು, ನಿದ್ದೆ ಬಾರದ ರಾತ್ರಿ ಯಾವ ಸದ್ದು ಕೇಳಿಸಿತು. ಸಣ್ಣದನ್ನು ಸರಿಯಾಗಿ ನೋಡಿ ಬರೆದರೆ ಅದು ಇನ್ನೊಬ್ಬರಿಗೂ ತಟ್ಟುತ್ತದೆ. ಐದು ಸಾಲಾದರೂ ಸಾಕು. ದಿನಾಂಕ ಮಾತ್ರ ಮರೆಯದೆ ಹಾಕಿ. ಹತ್ತು ವರ್ಷದ ನಂತರ ಓದುವವರಿಗೆ, ಅಂದರೆ ನಿಮಗೂ, ಅದು ಬೇಕು.

ದಿನಚರಿ ನಿಮ್ಮದು, ಆದರೆ ಅದರೊಳಗೆ ಬೇರೆಯವರೂ ಇರುತ್ತಾರೆ ಅಲ್ವಾ? ಮನೆಯವರ ಬಗ್ಗೆ ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ಬೇಡ ಅಂದರೆ ಬಿಟ್ಟುಬಿಡಿ. ಮಕ್ಕಳ ಮುಖ, ಶಾಲೆಯ ಹೆಸರು ನಾನಂತೂ ಹಾಕುವುದಿಲ್ಲ. ಪ್ರವಾಸದ ಮಾತು ಮನೆಗೆ ಮರಳಿದ ಮೇಲೆ ಬರಲಿ. ಫೋನಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಜಾಗದ ಗುರುತು ಸೇರಿರಬಹುದು, ಅದನ್ನು ಅಳಿಸಿ. ಹಾಗೆಯೇ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ. ನಿಧಾನದ ಇಂಟರ್ನೆಟ್ ಇರುವವರೂ ಬೇಗ ನೋಡಬಹುದು.

ಓದುಗರು ಬರುವ ದಾರಿ

ಆರ್‌ಎಸ್‌ಎಸ್ ಎಂಬ ಚಿಕ್ಕ ಫೈಲ್ ಇಡಿ. ಹೊಸದಾಗಿ ಬರೆದದ್ದರ ಪಟ್ಟಿ ಅದರಲ್ಲಿರುತ್ತದೆ. ಓದುಗರ ತಂತ್ರಾಂಶ ಆಗಾಗ ಬಂದು ಅದನ್ನು ನೋಡಿಕೊಂಡು ಹೋಗುತ್ತದೆ. ಯಾರಿಗೆ ಏನು ತೋರಿಸಬೇಕು ಎಂದು ನಡುವೆ ಯಾವ ಕಂಪನಿಯೂ ತೀರ್ಮಾನಿಸುವುದಿಲ್ಲ. ಪಾಡ್‌ಕಾಸ್ಟ್‌ಗಳು ಹಂಚಿಕೆಯಾಗುವುದೂ ಈ ದಾರಿಯಲ್ಲೇ.

ಒಮ್ಮೆ ಹಾಕಿದ ಪುಟದ ವಿಳಾಸ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ದಾರಿ ಬಿಡಿ. ತಿಂಗಳಿಗೊಮ್ಮೆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ.

ಇನ್ನು ಲಿಂಕ್‌ಗಳು. ನಿಮಗೆ ಇಷ್ಟವಾದ ಬೇರೆಯವರ ಪುಟಗಳಿಗಾಗಿಯೇ ಒಂದು ಪುಟ ಇಡಿ. ಪ್ರತಿ ಲಿಂಕಿನ ಪಕ್ಕ ಯಾಕೆ ಇಷ್ಟವಾಯಿತು ಎಂದು ಒಂದು ಸಾಲು ಬರೆಯಿರಿ. ನನ್ನ ಪಟ್ಟಿಯಲ್ಲಿ ಈಗ ಆ ಕುರ್ಚಿಯ ಪುಟವೂ ಇದೆ.