ಸ್ಕ್ಯಾನ್ ‘ನಾರ್ಮಲ್’ ಬಂದ ಮೇಲೆ: ಕನ್‌ಕಶನ್ ಆದವರ ತಲೆ ಮತ್ತು ಮನಸ್ಸಿನ ಆರೈಕೆ ಹೇಗೆ?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಸಿ.ಟಿ. ಸ್ಕ್ಯಾನ್ ‘ನಾರ್ಮಲ್’ ಎಂದು ಬಂದರೆ ಗಂಡಾಂತರ ಕಳೆಯಿತೆಂದೇ ಮನೆಯವರು ಭಾವಿಸುತ್ತಾರೆ. ಆ ನೆಮ್ಮದಿ ಅರ್ಧ ಮಾತ್ರ ಸರಿ. ಸ್ಕ್ಯಾನ್ ರಕ್ತಸ್ರಾವವನ್ನೂ ಮೂಳೆಯ ಬಿರುಕನ್ನೂ ತೋರಿಸುತ್ತದೆಯೇ ಹೊರತು, ಪೆಟ್ಟಿನ ರಭಸಕ್ಕೆ ಮಿದುಳು ಅಲುಗಿ ನರಕೋಶಗಳ ಕೆಲಸದಲ್ಲಾಗುವ ಏರುಪೇರು, ಅಂದರೆ ಕನ್‌ಕಶನ್, ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಪ್ರಜ್ಞೆ ತಪ್ಪದೆಯೂ ಇದು ಆಗಬಹುದು, ಲಕ್ಷಣಗಳು ತಡವಾಗಿಯೂ ಬರಬಹುದು. 2019ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ವೇಗಿ ಜೋಫ್ರಾ ಆರ್ಚರ್ ಅವರ ಚೆಂಡಿನ ಪೆಟ್ಟು ತಿಂದ ಆಸ್ಟ್ರೇಲಿಯಾದ ಬ್ಯಾಟರ್ ಸ್ಟೀವ್ ಸ್ಮಿತ್ ಅಂದೇ ಮರಳಿ ಬ್ಯಾಟಿಂಗ್ ಮಾಡಿದರಾದರೂ ಮರುದಿನ ಪಂದ್ಯದಿಂದ ಹೊರಗುಳಿಯಬೇಕಾಯಿತು.

ಮೊದಲ ಎರಡು ದಿನ ಗಾಯಾಳುವನ್ನು ಒಂಟಿಯಾಗಿ ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ತೊದಲುವ ಮಾತು, ಕೈಕಾಲಿನಲ್ಲಿ ಶಕ್ತಿಯಿಲ್ಲದಿರುವುದು, ಎಬ್ಬಿಸಿದರೂ ಏಳದ ಮಂಪರು: ಇವುಗಳಲ್ಲಿ ಒಂದು ಕಂಡರೂ ಮತ್ತೆ ಆಸ್ಪತ್ರೆಗೆ ಹೋಗಲೇಬೇಕು. ಮದ್ಯ, ವಾಹನ ಚಾಲನೆ ಬೇಡ. ಮೊಬೈಲ್ ಆದಷ್ಟು ಕಡಿಮೆ ಇರಲಿ. ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬಾರದೆಂಬ ಹಳೆಯ ನಂಬಿಕೆ ಇನ್ನೂ ಉಳಿದಿದೆ. ವೈದ್ಯರು ಪರೀಕ್ಷಿಸಿ ಮನೆಗೆ ಕಳುಹಿಸಿದ ಮೇಲೆ ನಿದ್ದೆಯಿಂದ ಒಳ್ಳೆಯದೇ ಆಗುತ್ತದೆ.

ಆಮೇಲೂ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದನ್ನು ಈಗ ತಜ್ಞರು ಒಪ್ಪುವುದಿಲ್ಲ. 24ರಿಂದ 48 ಗಂಟೆ ಹಗುರ ವಿಶ್ರಾಂತಿ, ನಂತರ ನಿಧಾನ ನಡಿಗೆ. ತಲೆನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟುಕೊಂಡು, ನಡೆಯುವಾಗ ಅದು ಮೊದಲಿದ್ದುದಕ್ಕಿಂತ ಎರಡು ಅಂಕಕ್ಕೂ ಹೆಚ್ಚು ಏರಿದರೆ ನಿಲ್ಲಿಸಿ, ಮರುದಿನ ಮತ್ತೆ ಪ್ರಯತ್ನಿಸಬೇಕು.

ಮನೆಯವರ ಕಣ್ತಪ್ಪಿಸುವುದು ಮನಸ್ಸಿನ ಲಕ್ಷಣಗಳು. ಸಣ್ಣ ಮಾತಿಗೂ ಸಿಡಿಮಿಡಿ, ಕಾರಣವಿಲ್ಲದೆ ಅಳು, ಗದ್ದಲ ಸಹಿಸಲಾಗದಿರುವುದು, ರಸ್ತೆ ದಾಟಲೂ ಭಯ, ನಿದ್ದೆಗೇಡು ಇವನ್ನು ಕಂಡು ‘ಸ್ವಭಾವವೇ ಕೆಟ್ಟಿತು’ ಎಂದು ದೂರುವುದು ಅನ್ಯಾಯ. ಮಿದುಳಿನ ಏರುಪೇರಿನ ಜೊತೆಗೆ ನೋವು, ನಿದ್ದೆಯ ಕೊರತೆ, ಕೆಲಸ ಹೋದೀತೆಂಬ ಆತಂಕ, ಯಾರೊಂದಿಗೂ ಬೆರೆಯದ ಒಂಟಿತನ ಎಲ್ಲವೂ ಇದರಲ್ಲಿ ಸೇರಿರುತ್ತವೆ. ಕನ್‌ಕಶನ್‌ನಂಥ ಲಘು ಮಿದುಳು ಗಾಯವಾದ ಸುಮಾರು ಐವರಲ್ಲಿ ಒಬ್ಬರಿಗೆ ಮೊದಲ ಆರು ತಿಂಗಳಲ್ಲಿ ಖಿನ್ನತೆಯ ಅಥವಾ ಅಪಘಾತದ ಆಘಾತದಿಂದ ಬರುವ ಮನೋವ್ಯಾಧಿಯ ಲಕ್ಷಣಗಳು ಕಾಣಿಸಿಕೊಳ್ಳಬಹುದೆಂದು ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು; ಮೊದಲೇ ಮಾನಸಿಕ ತೊಂದರೆಯಿದ್ದವರಿಗೆ ಅಪಾಯ ಹೆಚ್ಚು.

ಆದ್ದರಿಂದ ನಿದ್ದೆ, ತಲೆನೋವು, ಮನಸ್ಥಿತಿಯ ಬಗ್ಗೆ ದಿನಕ್ಕೊಂದು ಸಾಲು ಬರೆದಿಡಿ. ಗಾಯಾಳು ತಾನೇ ಗಮನಿಸದ ಬದಲಾವಣೆಯನ್ನು ಮನೆಯವರೊಬ್ಬರು ಬರೆಯಲಿ. ಮಲಗುವ, ಏಳುವ ಹೊತ್ತು ಒಂದೇ ಇರಲಿ. ನಿದ್ರೆ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದುಕೊಳ್ಳಬೇಡಿ. ಬೇಸರವೋ ಭಯವೋ ಎರಡು ವಾರವಾದರೂ ಇಳಿಯದಿದ್ದರೆ ಆ ಟಿಪ್ಪಣಿಯೊಂದಿಗೆ ವೈದ್ಯರನ್ನು ಕಾಣಿ; ಆಪ್ತಸಮಾಲೋಚನೆ, ಅಗತ್ಯವಿದ್ದರೆ ಔಷಧದಿಂದ ಇದು ಸುಧಾರಿಸುತ್ತದೆ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಸಾಯುವ ಯೋಚನೆ ಬಂದರೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬಾರದು.

ವಯಸ್ಕರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕಚೇರಿಗೆ ಮೊದಲು ಅರ್ಧ ದಿನ ಹೋಗುವುದು ಮೇಲು. ಮಕ್ಕಳ ವಿಷಯದಲ್ಲಿ ಪಾಠ ಮೊದಲು, ಆಟ ಆಮೇಲೆ. ಮೈಗೆ ಮೈ ತಾಗುವ ಕಬಡ್ಡಿಯಂಥ ಆಟಕ್ಕೆ ವೈದ್ಯರ ಒಪ್ಪಿಗೆ ಬೇಕೇ ಬೇಕು.