ಬೆಣಚುಕಲ್ಲು ಕುಟ್ಟಿ, ಗಾಳಿಸಿ, ಚಿನ್ನ ನೋಡುವ ಕ್ರಮ

ಕಲ್ಲಿನಲ್ಲಿ ಚಿನ್ನವಿದೆಯೇ ಎಂದು ಅಂಗಳದಲ್ಲೇ ಕುಳಿತು ನೋಡಬಹುದು. ಕಬ್ಬಿಣದ ಒರಳು, ಜರಡಿ, ಗಾಳಿಸಲು ಒಂದು ಪ್ಯಾನ್ (ಅಗಲ ತಟ್ಟೆ), ದೊಡ್ಡ ಟಬ್ಬಿನಲ್ಲಿ ನೀರು, ಇಷ್ಟಿದ್ದರೆ ಕೆಲಸ ನಡೆಯುತ್ತದೆ. ತೊಂದರೆ ಏನೆಂದರೆ ಈ ಪರೀಕ್ಷೆ ಎರಡು ಬಗೆಯಲ್ಲಿ ಸುಳ್ಳು ಹೇಳುತ್ತದೆ. ಕಲ್ಲಿನಲ್ಲಿ ಇಲ್ಲದ ಹಳದಿ ಚೂರನ್ನು ತೋರಿಸುತ್ತದೆ, ಇರುವ ಚಿನ್ನವನ್ನು ತೊಳೆದು ಚೆಲ್ಲುತ್ತದೆ. ಕೆಳಗೆ ಹೇಳಿದ್ದರಲ್ಲಿ ಅರ್ಧ ಭಾಗ ಈ ಎರಡನ್ನೂ ತಡೆಯುವ ಉಪಾಯಗಳೇ.

ಮೊದಲು ಕಾನೂನು. 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಖನಿಜ ಶೋಧಿಸುವಂತಿಲ್ಲ, ತೆಗೆಯುವಂತಿಲ್ಲ. ಜಮೀನು ಸ್ವಂತದ್ದಾದರೂ ಹಾಗೆಯೇ. ಕಪ್ಪತಗುಡ್ಡ ಈಗ ವನ್ಯಜೀವಿ ಧಾಮ, ಅಲ್ಲಿಂದ ಕಲ್ಲು ಎತ್ತಿಕೊಂಡು ಬರುವುದು ಬೇರೆಯೇ ಅಪರಾಧ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಪುಡಿಯ ತಂಟೆಗೂ ಹೋಗಬೇಡಿ. ಗಣಿಯವರು ನುಣ್ಣಗೆ ಅರೆದು ಚಿನ್ನ ತೆಗೆದಾದ ಮೇಲೆ ಉಳಿದದ್ದು ಅದು. ಅಳಿದುಳಿದ ಚಿನ್ನ ಎಷ್ಟು ಸಣ್ಣದೆಂದರೆ ಪ್ಯಾನಿಗೆ ಸಿಗುವುದೇ ಇಲ್ಲ. ಭೂವಿಜ್ಞಾನ ವಿಭಾಗದ ಮಾದರಿಗಳು, ಪರವಾನಗಿ ಇರುವ ಶೋಧದ ಮಾದರಿಗಳು, ಪಾಠಕ್ಕೆಂದು ಸಿಕ್ಕ ಅದಿರು, ಇವುಗಳ ಮೇಲೆ ಕೈ ಪಳಗಿಸಿ.

ಯಾವ ಕಲ್ಲು?

ಹಟ್ಟಿ, ಕೋಲಾರ, ಗದಗ ಪಟ್ಟಿಗಳಲ್ಲಿ ಚಿನ್ನ ಹೆಚ್ಚಾಗಿ ಪದರು ಪದರಾದ ಶಿಸ್ಟ್ ಶಿಲೆಯನ್ನು ಸೀಳಿಕೊಂಡು ಹೋದ ಬೆಣಚಿನ ಎಳೆಗಳಲ್ಲಿ, ಅವುಗಳ ಅಂಚಿನಲ್ಲಿ ಇರುತ್ತದೆ. ಹಾಲಿನಂತೆ ಬೆಳ್ಳಗಿರುವ, ಒಂದು ಕಲೆಯೂ ಇಲ್ಲದ ಬೆಣಚು ನೋಡಲು ಚೆಂದ, ಆದರೆ ಬಹುಪಾಲು ಬರಡು. ಬೂದು ಅಥವಾ ನೀಲಿ ಛಾಯೆಯದು, ತುಕ್ಕಿನ ಬಣ್ಣ ಹಿಡಿದದ್ದು, ಒಳಗಿನ ಸಲ್ಫೈಡ್ (ಗಂಧಕ ಬೆರೆತ ಲೋಹದ ಖನಿಜ) ಕರಗಿಹೋಗಿ ಸಣ್ಣ ಸಣ್ಣ ಚೌಕ ಗುಳಿಗಳು ಉಳಿದದ್ದು, ಪಕ್ಕದ ಶಿಸ್ಟಿನ ತೆಳು ಪಟ್ಟಿಗಳು ಒಳಗೆ ಸಿಕ್ಕಿಕೊಂಡದ್ದು ಆರಿಸಿಕೊಳ್ಳಲು ಯೋಗ್ಯ.

ಎಳೆಯ ಅಗಲಕ್ಕೂ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ ಚಕ್ಕೆ ಎಬ್ಬಿಸಿ 2ರಿಂದ 3 ಕೆ.ಜಿ. ತುಂಬಿಕೊಳ್ಳಬೇಕು. ಹೊಳೆಯುವ ತುಂಡನ್ನೇ ಹುಡುಕಿ ತಂದರೆ ಆ ತುಂಡಿನ ಕಥೆ ಮಾತ್ರ ಗೊತ್ತಾಗುತ್ತದೆ, ಎಳೆಯದ್ದಲ್ಲ. ಚೀಲದ ಒಳಗೊಂದು, ಹೊರಗೊಂದು ಚೀಟಿ: ನಂಬರು, ಜಾಗ, ಎಳೆಯ ಅಗಲ, ದಿಕ್ಕು.

ಒರಳು

ಇದನ್ನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. 100 ಮಿ.ಮೀ. ಒಳವ್ಯಾಸದ, ಗೋಡೆ ದಪ್ಪಗಿರುವ ಉಕ್ಕಿನ ಪೈಪು 25 ಸೆಂ.ಮೀ. ಉದ್ದ, ತಳಕ್ಕೆ 12 ಮಿ.ಮೀ. ದಪ್ಪದ ಪ್ಲೇಟು. ಬೆಸುಗೆಯನ್ನು ಹೊರಗಿನಿಂದ ಸುತ್ತಲೂ ಬಿಗಿಯಾಗಿ ಹಾಕಿಸಿ, ಒಳಗಿನ ಸಂದಿಯನ್ನೂ ತುಂಬಿಸಿ ಗ್ರೈಂಡ್ ಮಾಡಿಸಿ. ಸಂದಿ ಉಳಿದರೆ ಚಿನ್ನ ಅಲ್ಲೇ ಮನೆ ಮಾಡಿಕೊಂಡು ಮುಂದಿನ ಮಾದರಿಯಲ್ಲಿ ಎದ್ದುಬರುತ್ತದೆ. ಕುಟ್ಟಲು 32 ಮಿ.ಮೀ. ದಪ್ಪದ ಕಬ್ಬಿಣದ ಸಲಾಕೆ, 60 ಸೆಂ.ಮೀ. ಉದ್ದ. ತೂಕ ಸುಮಾರು 3.8 ಕೆ.ಜಿ. ಬರುತ್ತದೆ. ಇದಕ್ಕಿಂತ ಹಗುರವಾದರೆ ಎಲ್ಲ ಬಲವನ್ನೂ ತೋಳೇ ಕೊಡಬೇಕು.

ಗ್ಯಾಲ್ವನೈಸ್ ಮಾಡಿದ ಪೈಪು ಬೇಡ, ಸತುವಿನ ಪದರ ಎದ್ದುಬರುತ್ತದೆ. ಅಡುಗೆಮನೆಯ ಹಿತ್ತಾಳೆ ಕುಟ್ಟಾಣಿಯಂತೂ ಬೇಡವೇ ಬೇಡ. ಬೆಣಚು ಹಿತ್ತಾಳೆಗಿಂತ ಬಹಳ ಗಟ್ಟಿ, ಕುಟ್ಟಿದಷ್ಟೂ ಹಳದಿ ಚೂರು ಕೆರೆದುಕೊಂಡು ಬರುತ್ತವೆ. ಕಲ್ಲಿನ ಒರಳಿನಲ್ಲಿ ಒರಳಿನ ಪುಡಿಯೂ ಬೆರೆಯುತ್ತದೆ, ಗುಳಿಗಳಲ್ಲಿ ಚಿನ್ನ ಸವರಿಕೊಂಡು ಉಳಿಯುತ್ತದೆ. ಹಿತ್ತಾಳೆ ಜಾಲರಿಯ ಜರಡಿಗೂ ಇದೇ ಮಾತು, ಸ್ಟೀಲ್ ಜಾಲರಿಯದನ್ನೇ ಕೊಳ್ಳಿ. ಕೈಯ ಉಂಗುರ, ಬಳೆ ತೆಗೆದಿಟ್ಟು ಕೂಡಬೇಕು. ಬೆಣಚಿನ ಪುಡಿ ಉಂಗುರವನ್ನು ಉಜ್ಜಿ ಬೀಳಿಸುವ ಚೂರು ಅಪ್ಪಟ ಚಿನ್ನದ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ, ಏಕೆಂದರೆ ಅದು ಚಿನ್ನವೇ.

ಕುಟ್ಟುವುದು

ಕಲ್ಲನ್ನು ಬ್ರಷ್ ಹಾಕಿ ತೊಳೆದು ಒಣಗಿಸಿ. ದಪ್ಪ ಕಬ್ಬಿಣದ ತಗಡಿನ ಮೇಲಿಟ್ಟು, ಮೇಲೆ ಗೋಣಿ ಮುಚ್ಚಿ, 2 ಕೆ.ಜಿ. ಸುತ್ತಿಗೆಯಲ್ಲಿ ಅಡಿಕೆ ಗಾತ್ರಕ್ಕೆ ಒಡೆಯಿರಿ. ಕನ್ನಡಕ ಕಡ್ಡಾಯ, ಬೆಣಚಿನ ಚಕ್ಕೆ ಗಾಜಿನಷ್ಟೇ ಹರಿತ. ಆಮೇಲೆ ಒರಳಿನಲ್ಲಿ ಬಟಾಣಿ ಗಾತ್ರಕ್ಕೆ ಇಳಿಸಿ, ಎಲ್ಲವನ್ನೂ ಹಾಳೆಯ ಮೇಲೆ ಗುಡ್ಡೆ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಪರೀಕ್ಷೆಗೆ, ಉಳಿದೆರಡು ಚೀಲಕ್ಕೆ ವಾಪಸ್. ಪರೀಕ್ಷೆಯ ಪಾಲಿನಿಂದ ಸರಿಯಾಗಿ 1 ಕೆ.ಜಿ. ತೂಗಿಡಿ. ಲೆಕ್ಕಕ್ಕೆ ಆಧಾರ ಈ ಒಣ ತೂಕವೇ.

ಇಲ್ಲಿಂದ ಮುಂದೆ ಒಣದಾಗಿ ಕುಟ್ಟುವುದು ಅಪಾಯ. ಬೆಣಚಿನ ದೂಳು ಸಿಲಿಕಾ. ಕೋಲಾರದ ಗಣಿ ಕಾರ್ಮಿಕರ ಶ್ವಾಸಕೋಶ ತಿಂದ ಸಿಲಿಕೋಸಿಸ್ ಈ ದೂಳಿನಿಂದಲೇ ಬಂದದ್ದು, ಅದಕ್ಕೆ ವಾಸಿಯಿಲ್ಲ. ಪುಡಿ ತೇವವಾಗುವಷ್ಟು ನೀರು ಚಿಮುಕಿಸಿ ಕುಟ್ಟಿ, ಎನ್95 ಮಾಸ್ಕ್ ಹಾಕಿ, ಬಯಲಲ್ಲಿ ಕುಳಿತುಕೊಳ್ಳಿ. ನೀರು ಜಾಸ್ತಿಯಾದರೆ ಕಲ್ಲು ಸಲಾಕೆಯ ಕೆಳಗಿನಿಂದ ಜಾರಿ ಪೆಟ್ಟು ವ್ಯರ್ಥವಾಗುತ್ತದೆ.

ಒಂದು ಸಲಕ್ಕೆ 200 ಗ್ರಾಂ ಸಾಕು. ಒಂದೆರಡು ನಿಮಿಷ ಕುಟ್ಟಿ, 30 ಮೆಶ್ ಜರಡಿಗೆ (0.6 ಮಿ.ಮೀ. ಕಣ್ಣು) ಸುರಿದು, ಟಬ್ಬಿನ ನೀರಿನಲ್ಲಿ ಅದ್ದಿ ಅಲ್ಲಾಡಿಸಿ, ಮೇಲೆ ಉಳಿದದ್ದನ್ನು ಮತ್ತೆ ಒರಳಿಗೆ ಹಾಕಿ. ಸಾಕಷ್ಟು ಸಣ್ಣಗಾದದ್ದನ್ನು ಆಗಾಗ ಹೊರಗೆ ತೆಗೆಯದೆ ಒಂದೇ ಸಮನೆ ಕುಟ್ಟುತ್ತಾ ಹೋದರೆ ಕಲ್ಲು ಕೆಸರಾಗುತ್ತದೆ, ಚಿನ್ನ ತಗಡಾಗಿ ಒರಳಿನ ತಳಕ್ಕೆ ಅಂಟುತ್ತದೆ.

ಕೊನೆಯಲ್ಲಿ ಜರಡಿಯ ಮೇಲೆ ಒಂದು ಚಿಟಿಕೆ ಉಳಿದೇ ಉಳಿಯುತ್ತದೆ, ಎಷ್ಟು ಕುಟ್ಟಿದರೂ ಇಳಿಯುವುದಿಲ್ಲ. ಅದನ್ನು ಚೆಲ್ಲಬೇಡಿ. ಕಲ್ಲು ಒಡೆಯುತ್ತದೆ, ಚಿನ್ನ ಒಡೆಯದೆ ಚಪ್ಪಟೆಯಾಗುತ್ತದೆ. ಹಾಗಾಗಿ ದಪ್ಪ ಚಿನ್ನ ಇದ್ದರೆ ಸಿಗುವುದು ಇಲ್ಲೇ. ಬಿಳಿ ತಟ್ಟೆಗೆ ಹಾಕಿ ಲೂಪಿನಲ್ಲಿ (ಸಣ್ಣ ಭೂತಗನ್ನಡಿ) ನೋಡಿ.

ಕಲ್ಲನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಸುಲಭವಾಗಿ ಪುಡಿಯಾಗುತ್ತದೆ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಪುಡಿಯಾಗುವುದು ನಿಜ. ಆದರೆ ನಮ್ಮ ಚಿನ್ನದ ಪಟ್ಟಿಗಳ ಕಲ್ಲಿನಲ್ಲಿ ಆರ್ಸೆನಿಕ್ ಇರುವ ಸಲ್ಫೈಡ್, ಆರ್ಸೆನೋಪೈರೈಟ್, ಸಾಮಾನ್ಯ. ಅದನ್ನು ಕಾಯಿಸಿದರೆ ಬೆಳ್ಳುಳ್ಳಿ ವಾಸನೆಯ ಹೊಗೆ ಏಳುತ್ತದೆ, ಅದರಲ್ಲಿರುವುದು ಆರ್ಸೆನಿಕ್ ವಿಷ, ಅಂದರೆ ಪಾಷಾಣ. ಆ ಸಲಹೆ ಬಿಟ್ಟುಬಿಡಿ. ಪುಡಿಗೆ ಪಾದರಸ ಬೆರೆಸಿ ಚಿನ್ನ ಹಿಡಿಯಿರಿ ಎಂಬ ಸಲಹೆಯನ್ನೂ ಅದರ ಜೊತೆಗೇ ಬಿಡಿ.

ಗಾಳಿಸುವುದು

14 ಇಂಚಿನ, ಒಂದು ಬದಿಯಲ್ಲಿ ಮೆಟ್ಟಿಲುಗಳಿರುವ ಹಸಿರು ಅಥವಾ ಕಪ್ಪು ಪ್ಲಾಸ್ಟಿಕ್ ಪ್ಯಾನ್ ಒಳ್ಳೆಯದು. ಹೊಸದಾದರೆ ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿ ಜಿಡ್ಡು ತೆಗೆಯಿರಿ. ಜಿಡ್ಡಿದ್ದರೆ ಸಣ್ಣ ಚಿನ್ನ ನೀರಿನ ಮೇಲೆ ತೇಲಿ ಹೊರಟುಹೋಗುತ್ತದೆ, ಅದೂ ಕಣ್ಣೆದುರಿಗೇ. ಟಬ್ಬಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ನೊರೆ ಏಳಬಾರದು.

ಅಕ್ಕಿಯಿಂದ ಕಲ್ಲು ಗಾಳಿಸಿ ಗೊತ್ತಿರುವ ಕೈಗೆ ಈ ಕೆಲಸ ಹೊಸದಲ್ಲ. ಅಲ್ಲಿ ಅಕ್ಕಿ ಮೇಲೆ ಬರುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಇಲ್ಲಿ ಬೆಣಚು ಮೇಲೆ ಬರುತ್ತದೆ (ಸಾಂದ್ರತೆ 2.65), ಚಿನ್ನದಂತೆ ಹೊಳೆಯುವ ಸಲ್ಫೈಡಾದ ಪೈರೈಟ್ (5), ಆರ್ಸೆನೋಪೈರೈಟ್ (6) ನಡುವೆ, ಚಿನ್ನ (19.3) ಎಲ್ಲಕ್ಕಿಂತ ಕೆಳಗೆ.

ಜರಡಿಯಿಂದ ಇಳಿದ ಪುಡಿಯನ್ನು ಪ್ಯಾನಿಗೆ ಹಾಕಿ ಮೊದಲು ಕೆಸರು ತೆಗೆಯಬೇಕು. ನೀರು ತುಂಬಿ, ಕೈಯಿಂದ ಕಲಕಿ, ಹತ್ತು ಎಣಿಸಿ, ಬಗ್ಗಡವನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿ. ಕೆಸರು ಉಳಿದ ನೀರು ಮಂದವಾಗಿರುತ್ತದೆ, ಸಣ್ಣ ಚಿನ್ನ ತಳ ಮುಟ್ಟುವುದಿಲ್ಲ. ಆಮೇಲೆ ಪ್ಯಾನನ್ನು ನೀರೊಳಗೇ ಮಟ್ಟವಾಗಿ ಹಿಡಿದು ಎಡಕ್ಕೂ ಬಲಕ್ಕೂ ಜೋರಾಗಿ ಅರ್ಧ ನಿಮಿಷ ಅಲ್ಲಾಡಿಸಿ. ಚಿನ್ನ ಕೆಳಗಿಳಿಯುವುದು ಈ ಅಲ್ಲಾಟದಲ್ಲಿ. ಚೆಲ್ಲುವ ಹೊತ್ತಿನಲ್ಲಿ ಅದು ಆಗಲೇ ಕೆಳಗಿರಬೇಕು. ಈಗ ಮೆಟ್ಟಿಲುಗಳು ಮುಂದೆ ಬರುವಂತೆ ಬಾಗಿಸಿ, ನೀರನ್ನು ಮೂರು ನಾಲ್ಕು ಬಾರಿ ಒಳಗೆ ಬಿಟ್ಟು ಹೊರಗೆಳೆದು ಮೇಲ್ಪದರ ಹೋಗಲು ಬಿಡಿ. ನಿಲ್ಲಿಸಿ. ಮತ್ತೆ ಅಲ್ಲಾಡಿಸಿ. ಅಲ್ಲಾಡಿಸದೆ ಚೆಲ್ಲುತ್ತಲೇ ಹೋಗುವುದು ಹೊಸಬರು ಚಿನ್ನ ಕಳೆದುಕೊಳ್ಳುವ ಮುಖ್ಯ ದಾರಿ.

ಒಂದು ಚಮಚದಷ್ಟು ಕಪ್ಪು ಪುಡಿ ಉಳಿದಾಗ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲೆ ಆಡಿಸಿ. ಮ್ಯಾಗ್ನೆಟೈಟ್, ಪಿರೊಟೈಟ್, ಜೊತೆಗೆ ನಿಮ್ಮ ಒರಳಿನದೇ ಕಬ್ಬಿಣದ ಪುಡಿ ಹತ್ತಿಕೊಂಡು ಬರುತ್ತದೆ. ಮುದ್ದೆಯೊಳಗೆ ಚಿನ್ನ ಸಿಕ್ಕಿಕೊಂಡಿರಬಹುದು, ಬೇರೆ ಬಟ್ಟಲಿನ ನೀರಿನಲ್ಲಿ ಬಿಡಿಸಿ ಇನ್ನೊಮ್ಮೆ ಎತ್ತಿ. ಕೊನೆಗೆ ಎರಡು ಚಮಚ ನೀರಿಟ್ಟು ಪ್ಯಾನನ್ನು ನಿಧಾನ ಸುತ್ತಿಸಿದರೆ ಪುಡಿ ಬಾಲದಂತೆ ಹರಡುತ್ತದೆ. ಬೆಣಚು ದೂರ ಓಡುತ್ತದೆ, ಸಲ್ಫೈಡು ಅದರ ಹಿಂದೆ, ಚಿನ್ನ ಹೊರಟ ಜಾಗದಲ್ಲೇ ಕುಳಿತಿರುತ್ತದೆ.

ಕೈ ಎಷ್ಟು ನಂಬಿಗಸ್ತ ಎಂಬುದನ್ನು ಮಾದರಿ ಮುಟ್ಟುವ ಮೊದಲೇ ನೋಡಿಕೊಳ್ಳಬೇಕು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಚಪ್ಪಟೆ ಮಾಡಿ, ಅರ್ಧ ಮಿ.ಮೀ.ನಷ್ಟು ಸಣ್ಣ 10 ಚೂರು ಕತ್ತರಿಸಿ, 1 ಕೆ.ಜಿ. ಸಾಮಾನ್ಯ ಮರಳಿಗೆ ಬೆರೆಸಿ ಗಾಳಿಸಿ. ಸೀಸದ ಸಾಂದ್ರತೆ 11.3, ಚಿನ್ನಕ್ಕಿಂತ ಹಗುರ. ಹತ್ತರಲ್ಲಿ ಒಂಬತ್ತು ಸೀಸ ಉಳಿಸುವ ಕೈ ಅದೇ ಗಾತ್ರದ ಚಿನ್ನವನ್ನು ಬಿಡುವುದಿಲ್ಲ. ಆರೇಳು ಸಿಕ್ಕರೆ ಇನ್ನೂ ಅಭ್ಯಾಸ ಬೇಕು. ಚೂರುಗಳನ್ನೆಲ್ಲ ಆರಿಸಿಟ್ಟು ಕೈ ತೊಳೆದುಕೊಳ್ಳಿ, ಸೀಸ ವಿಷ.

ಮಾದರಿಯ ಮೊದಲ ಸುತ್ತಿನಲ್ಲಿ ಪ್ಯಾನಿನಿಂದ ಹೋದ ಮರಳನ್ನು ಎಸೆಯಬೇಡಿ. ಅದನ್ನು 80 ಮೆಶ್‌ಗೆ (0.18 ಮಿ.ಮೀ.) ಇನ್ನೊಮ್ಮೆ ಕುಟ್ಟಿ ಗಾಳಿಸಿ. ಎರಡನೇ ಸುತ್ತಿನಲ್ಲಿ ಮೊದಲಿಗಿಂತ ಹೆಚ್ಚು ಚೂರು ಸಿಕ್ಕರೆ ಚಿನ್ನ ಸಣ್ಣದು, ಕಲ್ಲಿನಿಂದ ಇನ್ನೂ ಬಿಡಿಸಿಕೊಂಡಿರಲಿಲ್ಲ ಎಂದರ್ಥ.

ಒಂದು ಮಾದರಿಗೂ ಇನ್ನೊಂದಕ್ಕೂ ನಡುವೆ ಒರಳಿನಲ್ಲಿ 200 ಗ್ರಾಂ ಬರಡು ಬೆಣಚನ್ನೋ ಗಾಜಿನ ಚೂರನ್ನೋ ಕುಟ್ಟಿ, ಅದನ್ನೂ ಗಾಳಿಸಿ ನೋಡಿ. ಅದರಲ್ಲಿ ಹಳದಿ ಕಂಡರೆ ಹಿಂದಿನ ಮಾದರಿಯದು ಒರಳಿನಲ್ಲಿ ಉಳಿದಿದೆ. ಬೇಸರದ ಕೆಲಸವೇ, ಆದರೆ ಇದನ್ನು ಬಿಟ್ಟವರ ಯಾವ ಫಲಿತಾಂಶವನ್ನೂ ನಂಬುವ ಹಾಗಿಲ್ಲ.

ಚಿನ್ನವೋ, ಅಲ್ಲವೋ

10 ಪಟ್ಟಿನ ಲೂಪಿನಲ್ಲಿ ನೋಡುತ್ತಾ ಬಿಸಿಲಿನಿಂದ ನೆರಳಿಗೆ ತನ್ನಿ. ಚಿನ್ನ ನೆರಳಲ್ಲೂ ಅದೇ ಹಳದಿ. ಪೈರೈಟ್ ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಕಪ್ಪಾಗುತ್ತದೆ. ಕಾಗೆ ಬಂಗಾರ (ಅಭ್ರಕ) ಬಾಲದವರೆಗೂ ಬರುವುದಿಲ್ಲ, ಹಗುರ ಹಾಳೆಯಾದ್ದರಿಂದ ಮೊದಲೇ ಹೊರಡುತ್ತದೆ. ಅನುಮಾನವಿದ್ದರೆ ಸೂಜಿಯ ಮೊನೆಯಿಂದ ಒತ್ತಿ. ಚಿನ್ನ ತಗ್ಗಾಗುತ್ತದೆ, ಬಾಗುತ್ತದೆ. ಪೈರೈಟ್ ಪುಡಿಯಾಗುತ್ತದೆ. ಹಿತ್ತಾಳೆಯೂ ಬಾಗುತ್ತದೆ. ಅದನ್ನು ಬೇರ್ಪಡಿಸಲು ನೈಟ್ರಿಕ್ ಆಮ್ಲದ ಹನಿ ಬೇಕು. ಹಿತ್ತಾಳೆ ಹಸಿರು ಕಕ್ಕುತ್ತಾ ಕರಗುತ್ತದೆ, ಚಿನ್ನ ಹಾಗೇ ಇರುತ್ತದೆ. ಈ ಆಮ್ಲವನ್ನು ಮನೆಯಲ್ಲಿಟ್ಟುಕೊಳ್ಳುವ ಬದಲು ಪರಿಚಯದ ಅಕ್ಕಸಾಲಿಗರ ಬಳಿ ಹಾಕಿಸುವುದು ವಾಸಿ.

ಲೆಕ್ಕ

ಟನ್ನಿಗೆ ಎಷ್ಟು ಗ್ರಾಂ ಎಂಬುದೂ ಕೆ.ಜಿ.ಗೆ ಎಷ್ಟು ಮಿಲಿಗ್ರಾಂ ಎಂಬುದೂ ಒಂದೇ ಅಂಕಿ. 1 ಕೆ.ಜಿ. ಕುಟ್ಟಲು ಹೇಳಿದ್ದು ಅದಕ್ಕೇ. 5 ಮಿಲಿಗ್ರಾಂ ಸಿಕ್ಕರೆ ಟನ್ನಿಗೆ 5 ಗ್ರಾಂ.

ಅಷ್ಟು ಸಣ್ಣದನ್ನು ತೂಗಲು 0.001 ಗ್ರಾಂ ತೋರಿಸುವ ತಕ್ಕಡಿ ಬೇಕು. ಇಲ್ಲದಿದ್ದರೆ ಗಾತ್ರದಿಂದ ಅಂದಾಜಿಸಬಹುದು. ಅರ್ಧ ಮಿ.ಮೀ. ಘನಾಕೃತಿಯ ಅಪ್ಪಟ ಚಿನ್ನದ ಕಣ ಸುಮಾರು 2.4 ಮಿಲಿಗ್ರಾಂ. 0.2 ಮಿ.ಮೀ.ನದು 0.15 ಮಿಲಿಗ್ರಾಂ. 0.1 ಮಿ.ಮೀ.ನದು 0.02 ಮಿಲಿಗ್ರಾಂ ಕೂಡ ಇಲ್ಲ. ಅಂದರೆ ಟನ್ನಿಗೆ 5 ಗ್ರಾಂ ಇರುವ ಅದಿರಿನ ಒಂದು ಕೆ.ಜಿ.ಯಲ್ಲಿ ಅರ್ಧ ಮಿ.ಮೀ.ನ ಎರಡೇ ಎರಡು ಕಣ ಇರಬಹುದು, ಇಲ್ಲವೇ 0.1 ಮಿ.ಮೀ.ನ ಸುಮಾರು 260 ಕಣ. ಕುಟ್ಟಿದಾಗ ಚಪ್ಪಟೆಯಾದ ಚೂರು ಕಣ್ಣಿಗೆ ದೊಡ್ಡದಾಗಿ ಕಂಡು ತೂಕದಲ್ಲಿ ಸೋಲುತ್ತದೆ: ಅರ್ಧ ಮಿ.ಮೀ. ಅಗಲವಿದ್ದು 0.1 ಮಿ.ಮೀ. ದಪ್ಪವಿದ್ದರೆ ಅರ್ಧ ಮಿಲಿಗ್ರಾಮಿಗೂ ಕಡಿಮೆ.

ಆ ಎರಡು ಕಣಗಳ ಅದಿರಿನಲ್ಲಿ ನಿಮ್ಮ ಪಾಲಿನ ಕೆ.ಜಿ.ಗೆ ಒಂದೂ ಬಾರದಿರಬಹುದು, ನಾಲ್ಕು ಬರಬಹುದು. ಹಾಗಾಗಿ ಒಂದೇ ಪ್ಯಾನ್ ನೋಡಿ ಎಳೆಗೆ ಬೆಲೆ ಕಟ್ಟಬಾರದು. ಉಳಿಸಿಟ್ಟ ಪಾಲಿನ ಅರ್ಧವನ್ನೂ ಕುಟ್ಟಿ, ಅದೇ ಎಳೆಯ ಮೂರು ನಾಲ್ಕು ಕಡೆಯ ಮಾದರಿಗಳನ್ನು ಹೋಲಿಸಿ.

ಏನೂ ಕಾಣದಿದ್ದರೆ? ಬಾಲದ ತುಂಬ ಬೂದುಬಣ್ಣದ ಸಲ್ಫೈಡ್ ಇದೆಯೇ ನೋಡಿ. ಕೋಲಾರದ ಮುಖ್ಯ ಅದಿರಿನ ಎಳೆಯಾದ ಚಾಂಪಿಯನ್ ಲೋಡ್‌ನ ಬೆಣಚಿನಲ್ಲಿ ಬಿಡಿ ಚಿನ್ನವಿತ್ತು, ಅದೇ ಪಟ್ಟಿಯ ಪಶ್ಚಿಮದ ಲೋಡ್‌ಗಳಲ್ಲಿ ಚಿನ್ನ ಸಲ್ಫೈಡ್‌ಗಳ ಜೊತೆಗಿತ್ತು. ಸಲ್ಫೈಡಿನೊಳಗೆ ಅಡಗಿದ್ದು, 75 ಮೈಕ್ರಾನಿಗಿಂತ ಸಣ್ಣದು, ಇವೆರಡಕ್ಕೂ ಪ್ಯಾನ್ ಕುರುಡು. ಇಂಥ ಮಾದರಿಯನ್ನು ಫೈರ್ ಅಸ್ಸೇ (ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಚಿನ್ನ ಅಳೆಯುವ ಪರೀಕ್ಷೆ) ಮಾಡುವ ಪ್ರಯೋಗಾಲಯಕ್ಕೇ ಕಳಿಸಬೇಕು. ಅಲ್ಲಿ ಸಾಮಾನ್ಯವಾಗಿ ಕರಗಿಸುವುದು 30 ಅಥವಾ 50 ಗ್ರಾಂ ಮಾತ್ರ. ಹಾಗಾಗಿ ಪ್ಯಾನಿನಲ್ಲಿ ದಪ್ಪ ಚಿನ್ನ ಕಂಡಿದ್ದರೆ ಚೀಟಿಯಲ್ಲಿ ಅದನ್ನು ಬರೆದು, ಜರಡಿ ಹಿಡಿದು ದಪ್ಪ ಭಾಗವನ್ನು ಬೇರೆಯಾಗಿ ನೋಡುವ ಅಸ್ಸೇ ಕೇಳಿ. ಕಳಿಸಬೇಕಾದದ್ದು ಕುಟ್ಟದೆ ಉಳಿಸಿದ ಪಾಲು. ಗಾಳಿಸಿ ಉಳಿದ ಕಪ್ಪು ಪುಡಿಯನ್ನು ಕಳಿಸಿದರೆ ಬರುವ ದೊಡ್ಡ ಅಂಕಿ ಆ ಪುಡಿಯದು, ಕಲ್ಲಿನದಲ್ಲ.

ಕೆಸರಿನ ಬಕೆಟ್ಟನ್ನು ರಾತ್ರಿಯಿಡೀ ಬಿಟ್ಟು, ತಿಳಿನೀರನ್ನು ಮುಂದಿನ ಮಾದರಿಗೆ ಬಳಸಿ. ತಳದ ಮಡ್ಡಿಯಲ್ಲಿ ಆರ್ಸೆನಿಕ್ ಇರಬಹುದಾದ್ದರಿಂದ ಬಾವಿ, ಕೆರೆ, ತರಕಾರಿ ಮಡಿಯ ಹತ್ತಿರ ಸುರಿಯದೆ ಚೀಲಕ್ಕೆ ಕಟ್ಟಿ, ಮಾದರಿ ಎಲ್ಲಿಂದ ಬಂತೋ ಅಲ್ಲಿಗೇ ಹಿಂತಿರುಗಿಸಿ.