ವಿಕಿರಣ ರಕ್ಷಣೆಯ ಕೆಲಸಕ್ಕೆ ಬರುವವರಿಗೆ

ನಾನು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಿಂದ ಅಣು ವಿದ್ಯುತ್ ಸ್ಥಾವರದ ವಿಕಿರಣ ರಕ್ಷಣೆಗೆ ಬಂದವಳು. ಎಕ್ಸ್‌ರೇ ಯಂತ್ರ ಆರಿಸಿದರೆ ವಿಕಿರಣ ನಿಲ್ಲುತ್ತದೆ. ರಿಯಾಕ್ಟರ್ ನಿಲ್ಲಿಸಿದರೂ ಕೊಳವೆಗಳೊಳಗೆ ಕುಳಿತ ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ ವಿಕಿರಣ ಸೂಸುತ್ತಲೇ ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಬೇಕಾಗುವ ಕಾಲ, ಸುಮಾರು 5.3 ವರ್ಷ. ಈ ವ್ಯತ್ಯಾಸ ಮೊದಲು ಮನಸ್ಸಿಗಿಳಿಯಲಿ.

ಈ ಕೆಲಸಕ್ಕೆ ಸೇರಲು ಒಳ್ಳೆಯ ಸಮಯವೆಂದರೆ ಇಂಧನ ಬದಲಾವಣೆಗೆ ಸ್ಥಾವರ ನಿಲ್ಲಿಸುವ ವಾರಗಳು. ಆಗ ಹೆಚ್ಚುವರಿ ತಂತ್ರಜ್ಞರು ಬೇಕಾಗುತ್ತಾರೆ.

ದೂರದ ಲೆಕ್ಕವನ್ನು ಚೆನ್ನಾಗಿ ಕಲಿಯಿರಿ. ಬಿಂದುವಿನಂಥ ಮೂಲದಿಂದ 1 ಮೀಟರ್‌ನಲ್ಲಿ ಗಂಟೆಗೆ 400 ಮೈಕ್ರೋಸೀವರ್ಟ್ (ಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ) ಇದ್ದರೆ, 2 ಮೀಟರ್‌ನಲ್ಲಿ 100. ಉದ್ದನೆಯ ಕೊಳವೆಯ ಪಕ್ಕದಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ವಿಕಿರಣ ಮಾಪಕವನ್ನೇ ನಂಬಿ. ಒಳಹೋಗುವ ಮುನ್ನ ಅದರ ಬ್ಯಾಟರಿ, ಮಾಪನಾಂಕ ನಿರ್ಣಯದ (ಕ್ಯಾಲಿಬ್ರೇಶನ್) ದಿನಾಂಕ ಎರಡನ್ನೂ ನೋಡಿ, ಪರೀಕ್ಷೆಗೆಂದೇ ಇಟ್ಟ ವಿಕಿರಣ ಮೂಲಕ್ಕೆ ಹಿಡಿದು ಮುಳ್ಳು ಸರಿಯಾಗಿ ಏಳುತ್ತದೆಯೇ ಪರೀಕ್ಷಿಸಿ.

ಕೈಗವಸು ಕಳಚುವುದನ್ನು ನಾನು ಹತ್ತಾರು ಸಲ ಅಭ್ಯಾಸ ಮಾಡಿದೆ: ಒಳಮೈ ಹೊರಗಾಗುವಂತೆ, ಹೊರಮೈ ಬರಿಗೈಗೆ ತಾಗದಂತೆ. ವಿಕಿರಣಶೀಲ ಮಾಲಿನ್ಯ ಹರಡುವುದು ಅವಸರದಲ್ಲಿ ಕಳಚುವಾಗಲೇ.

ಕೆಲಸಗಾರರು ಪಡೆಯಬಹುದಾದ ಡೋಸ್‌ಗೆ (ವಿಕಿರಣ ಪ್ರಮಾಣ) ಅಂತರರಾಷ್ಟ್ರೀಯ ಶಿಫಾರಸಿನ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಅದಕ್ಕಿಂತ ಬಹಳ ಕೆಳಗೇ ಉಳಿಯುವಂತೆ ಕೆಲಸ ಯೋಜಿಸಿ. ಅನುಭವಿ ಫಿಟ್ಟರ್ ‘ಇನ್ನೆರಡೇ ನಿಮಿಷ’ ಎಂದಾಗಲೂ, ಡೋಸ್ ಮಾಪಕ ಕೂಗಿದರೆ, ‘ಹೊರಗೆ ಬನ್ನಿ’ ಎಂದು ಗಟ್ಟಿಯಾಗಿ ಹೇಳಿ.